‘ರಕ್ತ ತೆಳು ಮಾಡುವ ಮಾತ್ರೆ’, ‘ಲೂಪಸ್ ಆಂಟಿಕೋಆಗ್ಯುಲಂಟ್’: ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇರುವವರಿಗಾಗಿ ಕನ್ನಡದಲ್ಲೊಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ದೇಹವೇ ಹುಟ್ಟಿಸಿದ ಪ್ರತಿಕಾಯಗಳಿಂದ (ಆಂಟಿಬಾಡಿಗಳಿಂದ) ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಕಾಯಿಲೆ ಇದು. ಎರಡು ಪದಗಳ ಬಳಿ ನನ್ನ ಬರವಣಿಗೆ ನಿಂತಿದೆ.

ಮೊದಲನೆಯದು ‘ಲೂಪಸ್ ಆಂಟಿಕೋಆಗ್ಯುಲಂಟ್’. ಕಾಲು ಬಾತು ಆಸ್ಪತ್ರೆ ಸೇರಿದ್ದ ನನ್ನ ಅತ್ತಿಗೆಯ ವರದಿಯಲ್ಲಿ ಇದು ‘ಪಾಸಿಟಿವ್’ ಎಂದಿತ್ತು. ‘ಲೂಪಸ್ ಹೆಪ್ಪುರೋಧಕ ಇದೆಯಂತೆ’ ಎಂದು ನಾನು ಓದಿ ಹೇಳಿದೆ. ‘ಹೆಪ್ಪುಗಟ್ಟದಂತೆ ತಡೆಯುವುದು ಮೈಯಲ್ಲೇ ಇದ್ದಮೇಲೆ ಮಾತ್ರೆ ಯಾಕಪ್ಪಾ?’ ಎಂದು ಅವರು ಕೇಳಿದಾಗ ನನ್ನ ಅನುವಾದದ ಅಪಾಯ ನನಗೆ ಅರಿವಾಯಿತು. ಪ್ರಯೋಗಾಲಯದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಈ ಪ್ರತಿಕಾಯ ತಡಮಾಡುತ್ತದೆ, ಆ ಹೆಸರು ಬಂದದ್ದು ಅದರಿಂದ. ಮೈಯೊಳಗೆ ಮಾತ್ರ ಅದರ ಕೆಲಸ ತದ್ವಿರುದ್ಧ. ಇದು ಕಂಡುಬಂದ ಅನೇಕರಿಗೆ ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಒಂದು ಕಾಯಿಲೆ) ಕೂಡ ಇರುವುದಿಲ್ಲ. ಹಾಗಾಗಿ ಪದಶಃ ಅನುವಾದವನ್ನು ಕೈಬಿಟ್ಟು, ‘ಹೆಪ್ಪುಗಟ್ಟಿಸುವ ಪ್ರತಿಕಾಯ’ ಎಂದು ಬರೆದು ವರದಿಯ ಹೆಸರನ್ನು ಪಕ್ಕದಲ್ಲಿ ಕೊಡುವುದು ಸರಿಯೆಂದು ನನಗನ್ನಿಸುತ್ತದೆ.

ಎರಡನೆಯದು ಎಲ್ಲರ ಬಾಯಲ್ಲಿರುವ ‘ರಕ್ತ ತೆಳು ಮಾಡುವ ಮಾತ್ರೆ’. ಮಜ್ಜಿಗೆಗೆ ನೀರು ಬೆರೆಸಿದಂತೆ ರಕ್ತವೇನೂ ಇದರಿಂದ ತೆಳುವಾಗುವುದಿಲ್ಲ, ಕಟ್ಟಿದ ಗರಣೆಯನ್ನು, ಅಂದರೆ ಹೆಪ್ಪುಗಟ್ಟಿದ ರಕ್ತದ ಮುದ್ದೆಯನ್ನು, ಈ ಮಾತ್ರೆ ತಾನಾಗಿ ಕರಗಿಸುವುದೂ ಇಲ್ಲ. ಗರಣೆ ಬೆಳೆಯದಂತೆ, ಮತ್ತೆ ಕಟ್ಟದಂತೆ ತಡೆಯುತ್ತದೆ, ಅಷ್ಟೆ. ‘ಮೊದಲೇ ರಕ್ತ ಕಮ್ಮಿ, ಇನ್ನೂ ತೆಳು ಮಾಡಿದರೆ ಹೇಗೆ’ ಎಂದು ಹೆದರಿ ಮಾತ್ರೆ ಬಿಡುವವರಿಗೆ ಈ ವ್ಯತ್ಯಾಸ ತಿಳಿಯಲೇಬೇಕು. ಇನ್ನೊಂದು ತೊಂದರೆಯೂ ಇದೆ. ವಾರ್ಫರಿನ್, ರಿವರಾಕ್ಸಬಾನ್ ಎಂಬ ಎರಡು ಬೇರೆ ಬೇರೆ ಔಷಧಗಳಿಗೂ ಇದೇ ಹೆಸರು ಹೇಳಿದರೆ ಒಂದರ ಬದಲು ಇನ್ನೊಂದು ನಡೆಯುತ್ತದೆ ಎಂದಾಗುತ್ತದೆ. ಆದರೆ ಈ ಕಾಯಿಲೆಯ ಮೂರೂ ಪ್ರತಿಕಾಯ ಪರೀಕ್ಷೆಗಳು ಪಾಸಿಟಿವ್ ಇದ್ದವರಲ್ಲಿ ಇವೆರಡನ್ನೂ ಹೋಲಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವನ್ನು, ರಿವರಾಕ್ಸಬಾನ್ ಪಡೆದವರಲ್ಲಿ ಪಾರ್ಶ್ವವಾಯು, ಹೃದಯಾಘಾತಗಳು ಹೆಚ್ಚಾದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅಂಥವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರುವಂತೆ ನೋಡಿಕೊಂಡು ವಾರ್ಫರಿನ್ ಕೊಡುವುದೇ ಇಂದಿಗೂ ರೂಢಿ. ಗರ್ಭಿಣಿಯರಿಗೆ ಅದರ ಬದಲು ಹೆಪಾರಿನ್ ಚುಚ್ಚುಮದ್ದು.

‘ಹೆಪ್ಪುತಡೆ ಮಾತ್ರೆ’ ಎಂದು ಬರೆದು, ಪ್ರತಿ ಸಲವೂ ಔಷಧದ ಹೆಸರನ್ನು ಜೊತೆಗೇ ಹೇಳಬೇಕೆಂದಿದ್ದೇನೆ. ಇದು ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ? ನಿಮ್ಮ ಊರಿನ ಕಡೆ ‘ಗರಣೆ’ ಎಂದರೆ ಜನರಿಗೆ ತಿಳಿಯುತ್ತದೆಯೇ, ‘ಹೆಪ್ಪು’ ಎಂದೇ ಹೇಳಬೇಕೇ? ದಯವಿಟ್ಟು ತಿಳಿಸಿ.