ಬೆಕ್ಕು ಮೂರು ದಿನದಿಂದ ಹೊರಕಡೆ ಹೋಗಿಲ್ಲ, ಊಟಾನೂ ಬಿಟ್ಟದ. ಏನು ಕೊಡಬೇಕು?

ಬಿಸಿಲೂರು (ರಾಯಚೂರು):

ಗಂಡು ಬೆಕ್ಕು, ಎಂಟು ವರ್ಷ, ಸಂತಾನಹರಣ ಆಪರೇಷನ್ ಆಗ್ಯದ, ತೂಕ 5 ಕೆಜಿ. ಮೂರು ದಿನದಿಂದ ಮಲ ಹೋಗಿಲ್ಲ. ಮರಳಿನ ಟ್ರೇದಾಗ ಕೂತು ತಿಣುಕತದ, ಏನೂ ಬರಲ್ಲ. ನಿನ್ನೆಯಿಂದ ಊಟ ಮೂಸಿ ನೋಡಿ ಹಿಂದ ಸರೀತದ. ತಿನ್ನೋದು ಡ್ರೈ ಫುಡ್, ನಡುನಡುವೆ ಹಾಲು-ಅನ್ನ. ಒಬ್ಬರು ಒಂದು ಚಮಚ ಹರಳೆಣ್ಣಿ ಕುಡಿಸ್ರಿ ಅಂತಾರ, ಒಬ್ಬರು ಮೆಡಿಕಲ್ ಶಾಪಿನ ಎನಿಮಾ ಅಂತಾರ, ಇನ್ನೊಬ್ಬರು ಬಿಸಿ ಹಾಲಿಗೆ ತುಪ್ಪ ಅಂತಾರ. ಯಾವುದು ಸರಿ? ದವಾಖಾನಿಗೆ ಎಷ್ಟೊತ್ತಿನೊಳಗ ಹೋಗಬೇಕು?

ಕೋಟೆ ಕೆಳಗೆ (ಬಳ್ಳಾರಿ):

ಮೂರೂ ಬೇಡ. ಎಲ್ಲಕ್ಕಿಂತ ಮೊದಲು ಉಚ್ಚೆ ಹೋಗ್ತಿದೆಯಾ ನೋಡಿ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಹರಳೋ ಲೋಳೆಯೋ ಅಲ್ಲಿ ಸಿಕ್ಕಿಕೊಂಡರೆ ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತೆ, ಮನೆಯವರು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸ್ತಾ ಕೂರ್ತಾರೆ. ಪೂರ್ತಿ ಕಟ್ಟಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು-ಮೂರು ದಿನದಲ್ಲಿ ಹೃದಯವೇ ನಿಲ್ಲಬಹುದು.

ಟ್ರೇ ತೊಳೆದು, ಮರಳಿನ ಬದಲು ಹಳೇ ಬಿಳಿ ಬಟ್ಟೆ ಹಾಸಿ. ಒದ್ದೆ ಎಷ್ಟು, ಬಣ್ಣ ಏನು, ರಕ್ತ ಇದೆಯಾ, ಎಲ್ಲಾ ಕಾಣುತ್ತೆ. ಹನಿ ಹನಿ ಮಾತ್ರ ಬರ್ತಿದ್ರೆ, ಹಿಂಗಾಲಿನ ಮುಂದೆ ಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಗಟ್ಟಿ ಉಂಡೆ ಸಿಕ್ಕಿ ಮುಟ್ಟಿದ್ರೆ ಬೆಕ್ಕು ಕೂಗಿದ್ರೆ, ರಾತ್ರಿಯಾದ್ರೂ ಸರಿ, ತಕ್ಷಣ ವೈದ್ಯರ ಹತ್ರ ಹೊರಡಿ. ಒತ್ತಿ ಖಾಲಿ ಮಾಡೋಕೆ ಹೋಗಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು.

ಇನ್ನೊಂದು, ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಮನೆಗಳು ಜಾಸ್ತಿ, ಅದಕ್ಕೇ ಹೇಳ್ತಿದ್ದೀನಿ: ಬಾಯಿ ತೆರೆದು ನಾಲಿಗೆ ಕೆಳಗೆ ದಾರ ಸುತ್ತಿಕೊಂಡಿದೆಯಾ ನೋಡಿ. ದಾರದ ಒಂದು ತುದಿ ಅಲ್ಲಿ ಸಿಕ್ಕಿ ಉಳಿದದ್ದು ಕರುಳಿಗೆ ಇಳಿದಿದ್ರೆ ಕರುಳು ನೆರಿಗೆ ಕಟ್ಟುತ್ತೆ. ದಾರ ಬಾಯಲ್ಲಿ ಕಂಡ್ರೂ ಗುದದಲ್ಲಿ ಕಂಡ್ರೂ ಎಳೆಯಬೇಡಿ. ಎಳೆದ್ರೆ ಅದು ಕರುಳನ್ನ ಕೊಯ್ಯುತ್ತೆ. ಇದು ಆಪರೇಷನ್ ಕೇಸು.

ಬಿಸಿಲೂರು (ರಾಯಚೂರು):

ಬಟ್ಟೆ ಹಾಸಿ ನೋಡಿದ್ವಿ. ಉಚ್ಚೆ ಚಲೋ ಹೋಗ್ಯದ, ಹಳದಿ ಸ್ವಲ್ಪ ಗಾಢ. ದಾರ ಇಲ್ಲ, ವಾಂತಿ ಇಲ್ಲ. ಕುತ್ತಿಗಿ ಚರ್ಮ ಎತ್ತಿ ಬಿಟ್ರ ನಿಧಾನಕ್ಕ ಇಳೀತದ.

ಹಸಿರು ಕಣ್ಣು (ಕೊಪ್ಪಳ):

ಉಚ್ಚೆ ಹೋಗಿದ್ದು ಸಮಾಧಾನದ ಸುದ್ದಿ. ಆದರೆ ಈ ಬೆಕ್ಕಿಗೆ ಮಲಕ್ಕಿಂತ ಊಟ ಬಿಟ್ಟಿರೋದೇ ದೊಡ್ಡ ಚಿಂತೆ. ನಾಯಿ ಎರಡು ದಿನ ಉಪವಾಸ ಇದ್ದರೂ ತಡೆದುಕೊಳ್ಳುತ್ತದೆ, ಬೆಕ್ಕಿನ ದೇಹ ಹಾಗಲ್ಲ. ಊಟ ನಿಂತಾಗ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗಿ ಅಲ್ಲೇ ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕಿಗೆ ಕೆಲವೇ ದಿನಗಳಲ್ಲಿ ಹೀಗಾಗುತ್ತದೆ. ಕಿವಿಯ ಒಳಭಾಗ, ವಸಡು ಹಳದಿಯಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಬೇಕು. ನಿಮಗೆ ಆ ಹೊತ್ತು ಬಂದಿದೆ, ಇವತ್ತೇ ಹೋಗಿ.

ಚರ್ಮ ನಿಧಾನಕ್ಕೆ ಇಳಿಯುವುದು ನೀರು ಕಡಿಮೆಯಾದ ಸೂಚನೆ. ವಯಸ್ಸಾದ ಬೆಕ್ಕಿನ ಚರ್ಮ ಹೇಗೂ ಸಡಿಲ, ಹಾಗಾಗಿ ವಸಡನ್ನೂ ಬೆರಳಿಂದ ಮುಟ್ಟಿ ನೋಡಿ. ಜಾರುವಂತಿರದೆ ಅಂಟಂಟಾಗಿದ್ದರೆ ನೀರು ಇಳಿದಿರುವುದು ಖಚಿತ. ಮಲ ಗಟ್ಟಿಯಾಗಲು ಕಾರಣವೂ ಇದೇ. ಮೈಯಲ್ಲಿ ನೀರಿಲ್ಲದಾಗ ದೊಡ್ಡಕರುಳು ಮಲದಲ್ಲಿರುವ ನೀರನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಚಿಕಿತ್ಸೆ ಶುರುವಾಗುವುದು ನೀರಿನಿಂದ. ವೈದ್ಯರು ರಿಂಗರ್ ಲ್ಯಾಕ್ಟೇಟ್ ದ್ರಾವಣವನ್ನು ಚರ್ಮದಡಿ ಕೊಡುತ್ತಾರೆ, ಇಷ್ಟು ತೂಕದ ಬೆಕ್ಕಿಗೆ ಸಾಮಾನ್ಯವಾಗಿ 100ರಿಂದ 150 ಮಿಲಿ. ಬೆನ್ನ ಮೇಲೆ ಉಬ್ಬಿದ ಗಡ್ಡೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಹೆದರಬೇಡಿ.

ಆಮೇಲೆ ಮಲ ಮೆದುವಾಗಲು ಲ್ಯಾಕ್ಟುಲೋಸ್ ಸಿರಪ್ ಬರೆಯುವುದು ರೂಢಿ. ಅಳತೆ ಪ್ರತಿ ಕೆಜಿಗೆ ಸುಮಾರು 0.5 ಮಿಲಿ, ದಿನಕ್ಕೆ ಎರಡು ಸಲ; 5 ಕೆಜಿಗೆ 2.5 ಮಿಲಿ. ಇದು ಕರುಳಿಗೆ ನೀರು ಎಳೆದು ತರುವ ಔಷಧ. ನೀರು ತುಂಬಿಸದೆ ಕೊಟ್ಟರೆ ಮೈ ಇನ್ನಷ್ಟು ಒಣಗುತ್ತದೆ. ಪರಿಣಾಮಕ್ಕೆ ಒಂದೆರಡು ದಿನ ಬೇಕು; ಅವಸರಪಟ್ಟು ಅಳತೆ ಹೆಚ್ಚಿಸಿದರೆ ಭೇದಿ ಹಿಡಿದು ಮತ್ತೆ ನೀರು ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಅಂಗಡಿಯಲ್ಲಿ ಬರೀ ಲ್ಯಾಕ್ಟುಲೋಸ್ ಇರುವ ಬಾಟಲಿ ಕೇಳಿ. ಲಿಕ್ವಿಡ್ ಪ್ಯಾರಾಫಿನ್ ಅಥವಾ ಮೆಗ್ನೀಸಿಯಂ ಬೆರೆತದ್ದು ಕೊಟ್ಟರೆ ವಾಪಸ್ ಮಾಡಿ.

ಕೇಳಿದ ಮೂರಕ್ಕೂ ಉತ್ತರ: ಹರಳೆಣ್ಣೆ ಕರುಳನ್ನು ಕೆರಳಿಸಿ ಹಿಂಡುತ್ತದೆ, ಮುಂದೆ ಗಟ್ಟಿ ಮಲ ಅಡ್ಡ ಇದ್ದಾಗ ನೋವು ಬಿಟ್ಟು ಬೇರೇನೂ ಸಿಗದು. ಪ್ಯಾರಾಫಿನ್ ಎಣ್ಣೆಗೆ ರುಚಿಯೂ ಇಲ್ಲ ವಾಸನೆಯೂ ಇಲ್ಲ. ಬಲವಂತವಾಗಿ ಕುಡಿಸಿದರೆ ನುಂಗುವ ಮೊದಲೇ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ತರುತ್ತದೆ. ಮನುಷ್ಯರ ಫಾಸ್ಫೇಟ್ ಎನಿಮಾ ಬೆಕ್ಕಿಗೆ ವಿಷ: ರಕ್ತದಲ್ಲಿ ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಕುಸಿದು ನಡುಕ, ಸೆಳೆತ, ಸಾವು. ಹಾಲು-ತುಪ್ಪ ಕೆಲವಕ್ಕೆ ಭೇದಿ ಮಾಡಿಸುತ್ತದೆ, ಗಟ್ಟಿ ಮಲ ಮಾತ್ರ ಇದ್ದಲ್ಲೇ ಇರುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಗದ್ದೆ ಬದು (ಗಂಗಾವತಿ):

ಊಟದ್ದು ನಾನು ಹೇಳ್ತೀನಿ. ಬೆಕ್ಕು ತಿನ್ನೋದು ಮೂಗಿನಿಂದ್ರಿ. ಫ್ರಿಜ್ಜಿನ ತಣ್ಣನ ಊಟಕ್ಕ ವಾಸನಿ ಇರಂಗಿಲ್ಲ. ಕೋಳಿ ತುಂಡು ಉಪ್ಪು, ಖಾರ, ಉಳ್ಳಾಗಡ್ಡಿ, ಬಳ್ಳೊಳ್ಳಿ ಏನೂ ಇಲ್ಲದ ಬೇಯಿಸ್ರಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಎರಡೂ ಬೆಕ್ಕಿನ ರಕ್ತಕಣ ಒಡೀತಾವ, ಅದಕ್ಕ ಮನಿ ಸಾರಿನ ತುಂಡು ತೊಳದು ಕೊಟ್ರೂ ಬ್ಯಾಡ. ಎಲುಬು ತಗದು, ಬೇಯಿಸಿದ ನೀರಿನ್ಯಾಗ ನುಣ್ಣಗ ಅರದು, ಮೈ ಬಿಸಿಯಷ್ಟು, ಅಂದ್ರ 38 ಡಿಗ್ರಿ ಸುತ್ತಮುತ್ತ ಬೆಚ್ಚಗ ಇಡ್ರಿ. ಒಂದು ಚಮಚದಷ್ಟ ಸಾಕು, ಅಗಲ ತಟ್ಟಿಯೊಳಗ. ಹದಿನೈದು-ಇಪ್ಪತ್ತು ನಿಮಿಷಕ್ಕ ಮುಟ್ಟಲಿಲ್ಲಂದ್ರ ಎತ್ತಿಬಿಡ್ರಿ. ಇಡೀ ದಿನ ಮುಂದ ಇಟ್ರ ಆ ಊಟದ ಮ್ಯಾಲೇ ಬೇಸರ ಹುಟ್ಟತೈತಿ.

ಡಾಕ್ಟರ್ ಸಿರಿಂಜಿನಿಂದ ಉಣಿಸು ಅಂದ್ರ ಮಾತ್ರ ಉಣಿಸ್ರಿ. ಬೆಕ್ಕನ್ನ ಕೂಡಿಸಿ, ತಲಿ ಮ್ಯಾಲೆತ್ತದ, ಬಾಯಿ ಬದಿಯಿಂದ ಕೋರೆಹಲ್ಲಿನ ಹಿಂದ 0.5 ಮಿಲಿ ಹಾಕಿ, ನುಂಗಿದ ಮ್ಯಾಲ ಮುಂದಿಂದು. ಜೊಲ್ಲು ಸುರಿಸಿದ್ರ, ತುಟಿ ನೆಕ್ಕಿದ್ರ ಅದು ವಾಕರಿಕಿ. ಅಲ್ಲಿಗೇ ನಿಲ್ಲಿಸ್ರಿ, ಮೊದಲು ವಾಕರಿಕಿಗೆ ಔಷಧ ಬೇಕು. 5 ಕೆಜಿ ಬೆಕ್ಕಿಗೆ ದಿನಕ್ಕ 220 ಕ್ಯಾಲೊರಿ ಹತ್ತಿರ ಬೇಕಾಗತೈತಿ, ಅಷ್ಟನ್ನ ಸಿರಿಂಜಿನ್ಯಾಗ ಮುಟ್ಟಿಸೋದು ಕಷ್ಟ. ಅದಕ್ಕ ಹಸಿವಿನ ಮಾತ್ರೆ ಕೇಳ್ರಿ.

ಹಸಿರು ಕಣ್ಣು (ಕೊಪ್ಪಳ):

ಆಸ್ಪತ್ರೆಗೆ ಹೊರಡುವ ಮುನ್ನ ಫೋನ್ ಮಾಡಿ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ಇದೆಯೇ ಕೇಳಿ. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ-ಕುರಿಗಳ ಕೆಲಸವೇ ಹೆಚ್ಚು. 1962 ನಂಬರಿಗೆ ಫೋನ್ ಮಾಡಿದರೆ ಬರುವ ಸಂಚಾರಿ ಪಶುವೈದ್ಯ ಸೇವೆಯೂ ಮುಖ್ಯವಾಗಿ ಜಾನುವಾರುಗಳಿಗೆ, ಬೆಕ್ಕಿಗಾಗಿ ಅದನ್ನೇ ನಂಬಿ ಕಾಯಬೇಡಿ. ಎಂಟು ವರ್ಷದ ಬೆಕ್ಕಲ್ಲವೇ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಅಂಶ) ಮತ್ತು ಪೊಟ್ಯಾಸಿಯಂ ನೋಡಲೇಬೇಕು. ಮೂತ್ರಪಿಂಡ ಸೋತಾಗ ನೀರು ಇಳಿಯುವುದು, ಹಸಿವು ಹೋಗುವುದು, ಮಲ ಗಟ್ಟಿಯಾಗುವುದು ಮೂರೂ ಒಟ್ಟಿಗೆ ಬರುತ್ತವೆ. ಹಿಂದೆ ಗಾಡಿ ಬಡಿದಿದ್ದರೆ ಅದನ್ನೂ ತಿಳಿಸಿ. ಸೊಂಟದ ಎಲುಬು ಓರೆಯಾಗಿ ಕೂಡಿಕೊಂಡರೆ ಮಲದ ದಾರಿ ಕಿರಿದಾಗುತ್ತದೆ, ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಎನಿಮಾ ಬೇಕಾದರೆ ಅವರೇ ಬೆಚ್ಚಗಿನ ಸಲೈನಿನಿಂದ ನಿಧಾನವಾಗಿ ಕೊಡುತ್ತಾರೆ, ಬಹಳ ಗಟ್ಟಿಯಾಗಿದ್ದರೆ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ.

ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ಬೈಕಿನ ಮೇಲೆ ಒಯ್ಯಬೇಡಿ. ಗಾಳಿಯಾಡುವ ಬುಟ್ಟಿ, ಕೆಳಗೆ ಒದ್ದೆ ಟವೆಲ್, ಸಾಧ್ಯವಾದರೆ ಆಟೊ.

ಕೋಟೆ ಕೆಳಗೆ (ಬಳ್ಳಾರಿ):

ಗುಣವಾದ ಮೇಲೆ ಡ್ರೈ ಫುಡ್ ಒಂದನ್ನೇ ನಂಬಬೇಡಿ. ಅದರಲ್ಲಿ ನೀರು ನೂರಕ್ಕೆ ಹತ್ತು ಪಾಲಿನ ಆಸುಪಾಸು, ಒದ್ದೆ ಊಟದಲ್ಲಿ 75ರ ಮೇಲೆ. 5 ಕೆಜಿ ಬೆಕ್ಕಿಗೆ ಊಟದ್ದೂ ಸೇರಿ ದಿನಕ್ಕೆ ಸುಮಾರು 250 ಮಿಲಿ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಮೀಸೆ ತಾಗದ ಅಗಲ ಬಟ್ಟಲು, ಊಟದಿಂದ ಮತ್ತು ಟ್ರೇಯಿಂದ ದೂರ, ಎರಡು-ಮೂರು ಕಡೆ ಇಡಿ. ಬೇಯಿಸಿದ ಸಿಹಿಗುಂಬಳ ಒಂದು ಚಮಚ ಊಟಕ್ಕೆ ಕಲಸಬಹುದು, ಆದರೆ ಅದು ಬೆಕ್ಕು ತಿನ್ನೋಕೆ, ಕುಡಿಯೋಕೆ ಶುರು ಮಾಡಿದ ಮೇಲೆ. ಕಟ್ಟಿಕೊಂಡಿರುವಾಗ ನಾರು ಹಾಕಿದ್ರೆ ಒಳಗಿನ ಗಂಟು ದೊಡ್ಡದಾಗುತ್ತೆ. ಇಸಬ್ಗೋಲಿಗೂ ಇದೇ ಮಾತು.

ಈ ಗಟ್ಟಿ ಮಲ ಮತ್ತೆ ಮತ್ತೆ ಕಟ್ಟಿದ್ರೆ ದೊಡ್ಡಕರುಳು ಹಿಗ್ಗಿ ತಳ್ಳೋ ಶಕ್ತಿ ಕಳ್ಕೊಳ್ಳುತ್ತೆ. ಎರಡು ದಿನ ಟ್ರೇ ಖಾಲಿ ಕಂಡ್ರೆ ಮೂರನೇ ದಿನಕ್ಕೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.