ಮುಳುಗಿದ ಹಡಗಿನ 3ಡಿ ಮಾಡೆಲ್ ನಡುವೆ ಉಬ್ಬಿ ಬಾಗುತ್ತಿದೆ, ದಯವಿಟ್ಟು ನೋಡಿ

ನಾಲೆ ಏರಿ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಗೋವಾದ ಗ್ರಾಂಡೆ ದ್ವೀಪದ ಹತ್ತಿರ ಸೂಸೀಸ್ ರೆಕ್ ಅಂತ ಕರೆಯುವ ಹಳೆಯ ಹಡಗಿನ ಮೇಲೆ ಎರಡು ಡೈವ್ ಮಾಡಿದೆ. ಅದರ ಒಂದು ಪಕ್ಕವನ್ನು, ಸುಮಾರು 10 ಮೀಟರ್ ಉದ್ದ, ಫೋಟೋಗ್ರಾಮೆಟ್ರಿಯಲ್ಲಿ, ಅಂದರೆ ತುಂಬಾ ಫೋಟೋ ಸೇರಿಸಿ 3ಡಿ ಮಾಡೆಲ್ ಕಟ್ಟುವ ವಿಧಾನದಲ್ಲಿ, ಹಿಡಿದಿಡಬೇಕು ಅಂತ ಬಹಳ ದಿನದ ಆಸೆ. ಉಪ್ಪುನೀರು ಆ ಕಬ್ಬಿಣವನ್ನು ದಿನಾ ತಿನ್ನುತ್ತಿದೆ. ಇವತ್ತು ಇರುವುದು ಇವತ್ತು ಇದ್ದ ಹಾಗೆ ದಾಖಲಾಗಬೇಕು.

ಆಕ್ಷನ್ ಕ್ಯಾಮೆರಾ, ಮಾಮೂಲಿ ಚಪ್ಪಟೆ ಗಾಜಿನ ಕೇಸ್. ಮೊದಲ ಡೈವ್‌ನಲ್ಲಿ ವಿಡಿಯೋ, ಎರಡನೆಯದರಲ್ಲಿ 2 ಸೆಕೆಂಡಿಗೊಂದು ಫೋಟೋ. ಎರಡನ್ನೂ ಸೇರಿಸಿ, ಮಾಡೆಲ್ ಕಟ್ಟುವ ಮೆಟಾಶೇಪ್ ಸಾಫ್ಟ್‌ವೇರಿಗೆ ಹಾಕಿದೆ. ನೇರವಾಗಿರಬೇಕಾದ ಹಡಗಿನ ಪಕ್ಕ ನಡುವೆ ಉಬ್ಬಿ, ಎರಡೂ ತುದಿ ಇಳಿದುಹೋಗಿವೆ. ಒಂದು ಕಡೆ ಮಾಡೆಲ್ ಎರಡು ಹೋಳಾಗಿದೆ. ಮನೆಯಲ್ಲಿ ಗೋಡೆಗೆ ಚೌಕುಳಿ ಹಾಳೆ ಅಂಟಿಸಿ ಕ್ಯಾಲಿಬ್ರೇಶನ್ (ಲೆನ್ಸ್ ಗೆರೆಗಳನ್ನು ಹೇಗೆ ಬಾಗಿಸುತ್ತದೆ ಅನ್ನುವ ಲೆಕ್ಕ) ಕೂಡ ಮಾಡಿಕೊಂಡಿದ್ದೆ. ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ.

ಕಲ್ಲುಕೆತ್ತನೆ, ಮೈಸೂರು:

ನಾನು ದೇವಸ್ಥಾನದ ಶಿಲ್ಪಗಳನ್ನು ಸ್ಕ್ಯಾನ್ ಮಾಡುವವಳು, ನೀರಿಗೆ ಇಳಿದವಳಲ್ಲ. ಆದರೆ ಈ ಉಬ್ಬು ನನಗೆ ಚೆನ್ನಾಗಿ ಗೊತ್ತು. ಎರಡು ಪ್ರಶ್ನೆ. ವಿಡಿಯೋದಲ್ಲಿ ಅಲುಗಾಟ ಕಡಿಮೆ ಮಾಡುವ ಸ್ಟೆಬಿಲೈಸೇಶನ್ ಆನ್ ಇತ್ತಾ? ಹಡಗಿನ ಉದ್ದಕ್ಕೂ ಒಂದೇ ಸಲ, ನೇರಕ್ಕೆ ಹೋಗಿ ಬಂದಿರಾ?

ನಾಲೆ ಏರಿ:

ಹೌದು ಅಕ್ಕ, ಎರಡೂ ಹೌದು. ಅಲೆ ಜಾಸ್ತಿ ಇತ್ತು ಅಂತಲೇ ಸ್ಟೆಬಿಲೈಸೇಶನ್ ಹಾಕಿದ್ದು.

ಕಲ್ಲುಕೆತ್ತನೆ:

ಅದೇ ಮೊದಲ ಎಡವಟ್ಟು. ಅದು ಆನ್ ಇದ್ದರೆ ಕ್ಯಾಮೆರಾ ಒಂದೊಂದು ಫ್ರೇಮನ್ನು ಒಂದೊಂದು ರೀತಿ ಕತ್ತರಿಸಿ, ಜಗ್ಗಿ ಕೊಡುತ್ತದೆ. ಕಣ್ಣಿಗೆ ಹಿತ. ಸಾಫ್ಟ್‌ವೇರ್ ಮಾತ್ರ ಎಲ್ಲಾ ಫ್ರೇಮೂ ಒಂದೇ ಲೆನ್ಸಿನಿಂದ ಬಂದದ್ದು ಅಂತ ನಂಬಿ ಲೆಕ್ಕ ಹಾಕುತ್ತದೆ. ಆ ವಿಡಿಯೋ ಫ್ರೇಮ್‌ಗಳನ್ನು ಪೂರ್ತಿ ಬಿಟ್ಟುಬಿಡಿ. ಬೇಜಾರಾಗುತ್ತೆ, ಗೊತ್ತು. ಎರಡನೇ ಡೈವ್‌ನ ಫೋಟೋಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಓಡಿಸಿ.

ಇನ್ನೊಂದು ಮಾತು. ಒಂದೇ ಎತ್ತರದಿಂದ, ಒಂದೇ ದಿಕ್ಕಿಗೆ ನೋಡುತ್ತಾ ತೆಗೆದರೆ ಸಣ್ಣ ಸಣ್ಣ ತಪ್ಪು ಕೂಡುತ್ತಾ ಹೋಗಿ ಉಬ್ಬಾಗುತ್ತದೆ. ಉದ್ದಕ್ಕೆ ಹೋದ ಮೇಲೆ ಅಡ್ಡಕ್ಕೂ ಹೋಗಬೇಕು, ಓರೆಯಾಗಿಯೂ ತೆಗೆಯಬೇಕು. ಒಂದು ಫೋಟೋ ಮುಂದಿನದರ ಮೇಲೆ ಮುಕ್ಕಾಲು ಭಾಗ ಕೂರಬೇಕು. ಕೆಂಪು ಸಮುದ್ರದಲ್ಲಿ ಥಿಸಲ್‌ಗಾರ್ಮ್ ಅಂತ 1941ರಲ್ಲಿ ಮುಳುಗಿದ ಹಡಗಿದೆಯಲ್ಲ, ಒಳಗೆ ಲಾರಿ, ಬೈಕ್ ಎಲ್ಲಾ ಇರುವುದು. 2017ರಲ್ಲಿ ಅದನ್ನು ಪೂರ್ತಿ ದಾಖಲಿಸಲು 24 ಸಾವಿರಕ್ಕೂ ಹೆಚ್ಚು ಫೋಟೋ ತೆಗೆದರು. ನಿಮ್ಮದು ಸಣ್ಣ ತುಂಡು, ಆದರೂ ಒಂದು ಸುತ್ತಿಗೆ ಆಗುವ ಕೆಲಸ ಅಲ್ಲ.

ನೇತ್ರಾಣಿ ಮೀನು, ಮೈಸೂರು:

ಹೋಳಾದ ಜಾಗದ ಫೋಟೋ ನೋಡಿದೆ. ಅಲ್ಲಿ ಗಕ್ಕನೆ ತಿರುಗಿದ್ದೀರಿ. ಕಾಲಿನ ಈಜುರೆಕ್ಕೆ (ಫಿನ್) ಹೊಡೆತಕ್ಕೆ ಮಣ್ಣು ಎದ್ದು ಐದಾರು ಫ್ರೇಮ್ ಬರೀ ಮಂಜು. ತುದಿಯಲ್ಲಿ ನಿಧಾನಕ್ಕೆ ಬಿಲ್ಲಿನ ಹಾಗೆ ಬಳಸಿ ತಿರುಗಿ. ಹಡಗನ್ನು ಹಿಡಿದುಕೊಳ್ಳಬೇಡಿ, ತುಕ್ಕು ಉದುರುತ್ತದೆ.

ನಾಲೆ ಏರಿ:

ವಿಡಿಯೋ ಬಿಟ್ಟು ಓಡಿಸಿದೆ. ಉಬ್ಬು ಕಡಿಮೆಯಾಗಿದೆ, ಹೋಗಿಲ್ಲ. ಗೋವಾಕ್ಕೆ ಮತ್ತೆ ಹೋಗುವ ಮೊದಲು ಇಲ್ಲೇ ಪರೀಕ್ಷೆ ಮಾಡೋಣ ಅಂತಿದ್ದೇನೆ. ಪಾಂಡವಪುರದ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಮೆಟ್ಟಿಲಿರುವ ದೊಡ್ಡ ಬಾವಿ ಇದೆ, ನೀರು ತಿಳಿ. ಅದಕ್ಕೆ 14 ಅಡಿಯ ಕಬ್ಬಿಣದ ಏಣಿಯನ್ನು ಅಡ್ಡಕ್ಕೆ ಮಲಗಿಸಿದರೆ? ಏಣಿ ನೇರ ಇದೆ ಅಂತ ನಮಗೆ ಮೊದಲೇ ಗೊತ್ತು, ಬಾಗಿದರೆ ತಕ್ಷಣ ಕಾಣುತ್ತೆ. ಏಣಿಯ ಮೆಟ್ಟಿಲೆಲ್ಲ ಒಂದೇ ಥರ ಇರುವುದರಿಂದ ಬಣ್ಣಬಣ್ಣದ ಸೀರೆ ತುಂಡು ಕಟ್ಟುತ್ತೇನೆ.

ಕಲ್ಲುಕೆತ್ತನೆ:

ಏಣಿ ಯೋಚನೆ ತುಂಬಾ ಚೆನ್ನಾಗಿದೆ. ಬಟ್ಟೆ ಬೇಡ, ನೀರಲ್ಲಿ ಆಡುತ್ತದೆ. ಆಡುವ ವಸ್ತು ಸಾಫ್ಟ್‌ವೇರಿಗೆ ದಾರಿ ತಪ್ಪಿಸುತ್ತದೆ. ಪೇಂಟಿನಲ್ಲಿ ಬೇರೆ ಬೇರೆ ಗುರುತು ಹಾಕಿ. ಕೆಳಗೆ ಇಟ್ಟಿಗೆ ಚೂರು, ಕಲ್ಲು ಹರಡಿ. ಬಿಸಿಲು ಏರುವ ಮೊದಲೇ ಇಳಿಯಿರಿ, ಇಲ್ಲದಿದ್ದರೆ ಬಿಸಿಲಿನ ಬಲೆ ತಳದಲ್ಲಿ ಕುಣಿಯುತ್ತದೆ. ಒಬ್ಬರೇ ಇಳಿಯಬೇಡಿ, ಮೇಲೆ ಹಗ್ಗ ಹಿಡಿದು ಒಬ್ಬರು ಇರಲಿ.

ನಾಲೆ ಏರಿ:

ಭಾನುವಾರ ಬೆಳಿಗ್ಗೆ ಏಳಕ್ಕೆ ಇಳಿದೆವು. ತಮ್ಮ ಜೊತೆಗೆ ನೀರಲ್ಲಿ, ಚಿಕ್ಕಪ್ಪ ಮೇಲೆ ಹಗ್ಗ ಹಿಡಿದು. ಸ್ಟೆಬಿಲೈಸೇಶನ್ ಇಲ್ಲ, ಉದ್ದಕ್ಕೆ, ಅಡ್ಡಕ್ಕೆ, ಓರೆಗೆ, ಎಲ್ಲಾ ತೆಗೆದೆ. ಆದರೂ ಏಣಿಯ ನಡುವಿನ ಮೆಟ್ಟಿಲು ಎರಡು ಇಂಚು ಮೇಲೆ ಬಂದಿದೆ ಅಕ್ಕ. ಮನೆಯ ಕ್ಯಾಲಿಬ್ರೇಶನ್ ಲೋಡ್ ಮಾಡಿ ಲಾಕ್ ಮಾಡಿದ್ದೇನೆ, ಅದಂತೂ ಸರಿಯಾಗಿದೆ.

ಕಲ್ಲುಕೆತ್ತನೆ:

ಅಯ್ಯೋ, ಅದೇ! ನಿಮ್ಮ ಮೊದಲ ಬರಹದಲ್ಲೇ ಇತ್ತು, ನಾನು ಓದಿ ಮುಂದೆ ಹೋಗಿಬಿಟ್ಟೆ, ಕ್ಷಮಿಸಿ. ಗೋಡೆಯ ಮುಂದೆ ಮಾಡಿದ್ದು ಗಾಳಿಯ ಕ್ಯಾಲಿಬ್ರೇಶನ್. ಚಪ್ಪಟೆ ಗಾಜಿನ ಮುಂದೆ ನೀರು ಬಂದ ಕೂಡಲೇ ಬೆಳಕು ಬಾಗುತ್ತದೆ. ಎಷ್ಟು ಬಾಗುತ್ತದೆ ಅನ್ನುವುದರ ಅಳತೆ, ಅಂದರೆ ನೀರಿನ ವಕ್ರೀಭವನ ಸೂಚ್ಯಂಕ, 1.33. ಲೆನ್ಸಿನ ಫೋಕಲ್ ಲೆಂತ್ (ಅದು ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತದೆ ಅನ್ನುವ ಅಳತೆ) ಸುಮಾರು ಅಷ್ಟು ಪಟ್ಟು ಹೆಚ್ಚಾದ ಹಾಗೆ ವರ್ತಿಸುತ್ತದೆ, ಅಂಚಿನ ಗೆರೆಗಳೂ ಬೇರೆ ರೀತಿ ಬಾಗುತ್ತವೆ. ನೀವು ತಪ್ಪು ಲೆನ್ಸನ್ನು ಲಾಕ್ ಮಾಡಿ ಸಾಫ್ಟ್‌ವೇರಿನ ಕೈ ಕಟ್ಟಿಹಾಕಿದ್ದೀರಿ. ಲಾಕ್ ತೆಗೆಯಿರಿ, ಫೋಟೋಗಳಿಂದಲೇ ಹೊಸದಾಗಿ ಲೆಕ್ಕ ಹಾಕಲಿ. ಅಡ್ಡ, ಓರೆ ಫೋಟೋ ಇರುವುದರಿಂದ ಈಗ ಅದಕ್ಕೆ ಸಾಧ್ಯ.

ನಾಲೆ ಏರಿ:

ಅಕ್ಕ, ಏಣಿ ನೇರ ಬಂತು! ದಾರ ಎಳೆದ ಹಾಗೆ. ಪೇಂಟಿನ ಗುರುತು, ಮೂರನೇ ಮೆಟ್ಟಿಲಿನ ಹಳೇ ವೆಲ್ಡಿಂಗ್ ಗಂಟು ಕೂಡ ಕಾಣುತ್ತಿದೆ.

ಬಾವಿಯಲ್ಲಿ ಸಿಕ್ಕ ಕ್ಯಾಲಿಬ್ರೇಶನ್ನನ್ನು ಗೋವಾ ಫೋಟೋಗಳಿಗೆ ಆರಂಭದ ಅಂದಾಜಾಗಿ ಕೊಟ್ಟೆ, ಲಾಕ್ ಮಾಡಲಿಲ್ಲ. ಸುಮಾರು ಆರು ಮೀಟರ್ ತುಂಡು ನೇರವಾಗಿ ಕೂತಿತು. ಉಳಿದದ್ದಕ್ಕೆ ಫೋಟೋ ಸಾಲದು, ಮತ್ತೆ ಹೋಗಲೇಬೇಕು. ಅಳತೆಗೆ ಅಂತ ಅರ್ಧ ಮೀಟರಿನ ಅಲ್ಯೂಮಿನಿಯಂ ಪಟ್ಟಿ ಎರಡು ಮಾಡಿಸಿದ್ದೇನೆ.

ನೇತ್ರಾಣಿ ಮೀನು:

ಪಟ್ಟಿಗಳನ್ನು ಎರಡು ತುದಿಯಲ್ಲಿ ಒಂದೊಂದು ಇಡಿ, ಎರಡೂ ಒಂದೇ ಕಡೆ ಬೇಡ. ಲೈಟ್ ತಗೊಂಡು ಹೋಗುವುದಾದರೆ ಲೆನ್ಸಿನ ಪಕ್ಕದಲ್ಲೇ ಕಟ್ಟಬೇಡಿ. ತೋಳು ಚಾಚಿದಷ್ಟು ದೂರ ಇರಲಿ. ಗೋವಾದ ನೀರಲ್ಲಿ ತೇಲುವ ಕಣ ಜಾಸ್ತಿ, ಹತ್ತಿರ ಇಟ್ಟರೆ ಫೋಟೋ ತುಂಬಾ ಬಿಳಿ ಚುಕ್ಕೆ.

ನಾಲೆ ಏರಿ:

ಸರಿ ಸರ್. ಏಣಿ ಇನ್ನೂ ಬಾವಿಯಲ್ಲೇ ಇದೆ. ತೆಂಗಿನಕಾಯಿ ಕೀಳಿಸಲು ಬೇಕು ಅಂತ ಚಿಕ್ಕಪ್ಪ ಕೇಳುತ್ತಿದ್ದಾರೆ, ಇನ್ನೊಂದು ವಾರ ಕೇಳಿಕೊಂಡಿದ್ದೇನೆ. ಮುಂದಿನ ಭಾನುವಾರ ಲೈಟ್ ಕಟ್ಟಿ ಇಳಿದು, ಫೋಟೋ ಇಲ್ಲೇ ಹಾಕುತ್ತೇನೆ.