ಫಿಟ್ಸ್‌ಗೆ ಗಾಂಜಾ ಎಣ್ಣೆ: ಯಾವ ಎಣ್ಣೆ, ಎಷ್ಟು ಹನಿ?

ಹಾಸನದ ಅಮ್ಮ:
ಮಗನಿಗೆ ಆರು ವರ್ಷ, 16 ಕೆಜಿ. ಲೆನಾಕ್ಸ್-ಗ್ಯಾಸ್ಟೋ ಸಿಂಡ್ರೋಮ್ ಅಂದಿದ್ದಾರೆ ಡಾಕ್ಟರು, ಮಕ್ಕಳಿಗೆ ಬರೋ ಕಠಿಣ ಫಿಟ್ಸ್ ಕಾಯಿಲೆ. ನಿಂತಲ್ಲೇ ದೊಪ್ಪನೆ ಬಿದ್ದುಬಿಡ್ತಾನೆ. ಹೆಲ್ಮೆಟ್ ಹಾಕದೆ ಅಂಗಳಕ್ಕೂ ಬಿಡೋ ಹಾಗಿಲ್ಲ. ಎಷ್ಟು ಸಲ ಬಿದ್ದ ಅಂತ ಅಡುಗೆಮನೆ ಕ್ಯಾಲೆಂಡರಲ್ಲಿ ಗೀಟು ಹಾಕ್ತಾ ಬಂದಿದೀನಿ. ವಾಲ್ಪ್ರೊಯೇಟ್, ಕ್ಲೋಬಜಾಮ್ ಅನ್ನೋ ಫಿಟ್ಸ್ ಔಷಧಿ ಎರಡೂ ನಡೀತಿವೆ. ನಮ್ಮ ಭಾವ ಆನ್‌ಲೈನಲ್ಲಿ ಹೆಂಪ್ ಎಣ್ಣೆ, ಅಂದ್ರೆ ಗಾಂಜಾ ಗಿಡದ ಎಣ್ಣೆ, ತರಿಸಿ ಕೊಟ್ಟಿದ್ದಾರೆ, "ಅಮೆರಿಕದಲ್ಲಿ ಇದರಿಂದಲೇ ಫಿಟ್ಸ್ ನಿಂತಿದೆ, ದಿನಾ ನಾಲ್ಕು ಹನಿ ಕೊಡು" ಅಂತ. ಕೊಡಲಾ?

ಸುರಪುರದವ:
ಅಕ್ಕಾರ, ಹೆದರಬ್ಯಾಡ್ರಿ. ನಮ್ಮ ಕಡೆ ತಿಂಥಣಿ ಮೌನೇಶ್ವರ ಜಾತ್ರ್ಯಾಗ ಗಾಂಜಾನ ಪ್ರಸಾದ ಅಂತ ಕೊಡೋ ರೂಢಿ ಅದ. ಇದು ನಮ್ಮ ನೆಲದ ಗಿಡರೀ. ಮನುಷ್ಯಾನ ಮಿದುಳಿನ್ಯಾಗ ತಾನಾಗೇ ಹುಟ್ಟೋ ಇಂಥದ್ದೇ ಒಂದು ವಸ್ತು 1992ರಾಗ ಇಸ್ರೇಲಿನ ಮೆಶೂಲಮ್ ಅವರ ತಂಡಕ್ಕ ಸಿಕ್ಕಾಗ, 'ಆನಂದ' ಅನ್ನೋ ಸಂಸ್ಕೃತ ಪದಾನೇ ತಗೊಂಡು ಆನಂದಮೈಡ್ ಅಂತ ಹೆಸರಿಟ್ರು. 1840ರ ಸುಮಾರಿಗೆ ಕಲ್ಕತ್ತಾದ ಡಾಕ್ಟರ್ ಓಶಾನೆಸಿ ಎಳೆಗೂಸಿನ ಫಿಟ್ಸ್‌ಗೆ ಇದನ್ನ ಕೊಟ್ಟು ಬರದಿಟ್ಟಾನ. ಕಂಪನಿ ಬಾಟ್ಲಿಗೆ ತುಂಬಿದ್ರ ಔಷಧ, ನಮ್ಮ ಹೊಲದಾಗ ಇದ್ರ ಅಪರಾಧ ಅನ್ನೋದು ಯಾವ ನ್ಯಾಯ?

ದಾವಣಗೆರೆ ಫಾರ್ಮಸಿಸ್ಟ್:
ಅಮ್ಮಾ, ಹನಿ ಹಾಕೋ ಮೊದಲು ಬಾಟಲಿ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಹೇಳಿ. ಸಿಬಿಡಿ ಅಂತಿದೆಯಾ? ಈ ಗಿಡದಲ್ಲಿ ಫಿಟ್ಸ್‌ಗೆ ಔಷಧಿಯಾಗೋ ಅಂಶ ಅದು.

ಹಾಸನದ ಅಮ್ಮ:
"ಕೋಲ್ಡ್ ಪ್ರೆಸ್ಡ್ ಹೆಂಪ್ ಸೀಡ್ ಆಯಿಲ್, 100 ಮಿಲಿ" ಅಂತಿದೆ. ಎಫ್‌ಎಸ್‌ಎಸ್‌ಎಐ ನಂಬರ್ ಇದೆ. ಸಿಬಿಡಿ ಅನ್ನೋದು ಎಲ್ಲೂ ಇಲ್ಲ.

ದಾವಣಗೆರೆ ಫಾರ್ಮಸಿಸ್ಟ್:
ಹಾಗಾದ್ರೆ ಅದು ಬೀಜದ ಎಣ್ಣೆ. ಕುಸುಬೆ, ಎಳ್ಳೆಣ್ಣೆ ಇದ್ದ ಹಾಗೆ ಅದೂ ತಿನ್ನೋ ಎಣ್ಣೆ. ಗಾಂಜಾ ಗಿಡದ ಔಷಧಿ ಅಂಶ, ಅಂದ್ರೆ ಕ್ಯಾನಬಿನಾಯ್ಡ್, ಇರೋದು ಹೆಣ್ಣು ಗಿಡದ ಹೂವಿನ ಮೇಲೆ ಅಂಟಂಟಾಗಿರೋ ಸಣ್ಣ ರೋಮಗಳಲ್ಲಿ. ಬೀಜದೊಳಗೆ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಅದನ್ನ ನಾಲ್ಕು ಹನಿಯಲ್ಲ, ನಾಲ್ಕು ಚಮಚ ಕೊಟ್ರೂ ಫಿಟ್ಸ್‌ಗೆ ಏನೂ ಆಗಲ್ಲ.

ಸುರಪುರದ ಅಣ್ಣಾ, ಗಿಡ ನಮ್ಮದೇ, ಒಪ್ಪಿದೆ. ಆದರೆ ಒಂದೇ ಗಿಡದಲ್ಲಿ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್‌ಗಳಿವೆ. ಅಮಲು ತರೋದು ಟಿಎಚ್‌ಸಿ ಅನ್ನೋದು, ಮಿದುಳಿನ ಸಿಬಿ1 ಅನ್ನೋ ರಿಸೆಪ್ಟರ್‌ಗೆ ಬೀಗಕ್ಕೆ ಕೀಲಿ ಕೂತ ಹಾಗೆ ಹೋಗಿ ಕೂರುತ್ತೆ. ಸಿಬಿಡಿ ಅಲ್ಲಿ ಹಾಗೆ ಕೂರಲ್ಲ, ಅಮಲೂ ತರಲ್ಲ. ಫಿಟ್ಸ್‌ಗೆ ಪುರಾವೆ ಇರೋದು ಈ ಎರಡನೇದಕ್ಕೆ. ಊರ ಗಾಂಜಾದಲ್ಲಿ ಹೆಚ್ಚಾಗಿ ಇರೋದು ಟಿಎಚ್‌ಸಿ. ಆರು ವರ್ಷದ ಮಗುವಿನ ಮಿದುಳಿಗೆ ಅದನ್ನ ಅಂದಾಜಿನ ಮೇಲೆ ಕೊಡಿ ಅನ್ನೋಕೆ ನನಗಂತೂ ಧೈರ್ಯ ಇಲ್ಲ.

ಟೊರೊಂಟೊ ನರ್ಸ್:
ನಾನು ಮಕ್ಕಳ ವಾರ್ಡಲ್ಲಿದ್ದೀನಿ. ಅಕ್ಕಾ, ನಿಮ್ಮ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಪಿಡಿಯೊಲೆಕ್ಸ್ ಅನ್ನೋ ಶುದ್ಧ ಸಿಬಿಡಿ ದ್ರಾವಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು, ಡ್ರಾವೆ ಅನ್ನೋ ಇನ್ನೊಂದು ಫಿಟ್ಸ್ ಕಾಯಿಲೆ ಮತ್ತು ನಿಮ್ಮ ಮಗನಿಗಿರೋ ಲೆನಾಕ್ಸ್-ಗ್ಯಾಸ್ಟೋ, ಈ ಎರಡಕ್ಕೆ. ಅದೇ ವರ್ಷ ಪ್ರಕಟವಾದ ಪ್ರಯೋಗದಲ್ಲಿ 225 ರೋಗಿಗಳಿದ್ದರು. ಹೀಗೆ ದಿಢೀರ್ ಬೀಳೋದು ಹೆಚ್ಚು ಡೋಸ್ ತಗೊಂಡವರಲ್ಲಿ ಸುಮಾರು 42%, ಅದರ ಅರ್ಧ ಡೋಸಿನವರಲ್ಲಿ 37%, ಬರೀ ತೋರಿಕೆ ಔಷಧ ತಗೊಂಡವರಲ್ಲಿ 17% ಕಡಿಮೆಯಾಯ್ತು. ನಿಂತೇ ಹೋಯ್ತು ಅಂತ ಅಲ್ಲ, ಕಡಿಮೆ ಆಯ್ತು ಅಂತ. ಹತ್ತು ಸಲ ಬೀಳೋ ಮಗು ಆರು ಸಲ ಬಿದ್ದರೆ ಆ ಮನೆಗೆ ಅದೆಷ್ಟು ದೊಡ್ಡದು ಅಂತ ಕಣ್ಣಾರೆ ನೋಡಿದೀನಿ.

ಡೋಸ್ ಲೆಕ್ಕ ನೋಡಿ. ಅರ್ಧ ಡೋಸ್ ಅಂದ್ರೆ ಕೆಜಿಗೆ 10 ಮಿಗ್ರಾಂ. ನಿಮ್ಮ ಮಗನಿಗೆ ದಿನಕ್ಕೆ 160. ಆ ಔಷಧದಲ್ಲಿ ಮಿಲಿಗೆ 100 ಮಿಗ್ರಾಂ ಇದೆ, ಅಂದ್ರೆ ಸಿರಿಂಜಲ್ಲಿ 1.6 ಮಿಲಿ, ಎರಡು ಹೊತ್ತಿಗೆ ಹಂಚಿ. ಅದೂ ಕಡಿಮೆಯಿಂದ ಶುರುಮಾಡಿ ಏರಿಸೋದು. "1000 ಮಿಗ್ರಾಂ" ಅಂತ ಬರೆದ 30 ಮಿಲಿ ಸಿಬಿಡಿ ಬಾಟಲಿ ತಂದರೂ ಆರು ದಿನಕ್ಕೆ ಖಾಲಿ. ಬರೆದಷ್ಟು ಒಳಗಿದ್ದರೆ ತಾನೇ? ಆನ್‌ಲೈನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನ ಪರೀಕ್ಷೆ ಮಾಡಿದ 2017ರ ಅಮೆರಿಕದ ಅಧ್ಯಯನದಲ್ಲಿ ಲೇಬಲ್ ಸರಿಯಿದ್ದದ್ದು 26ಕ್ಕೆ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು.

ಇನ್ನೊಂದು, ನಿಮಗೇ ಅಂತ ಹೇಳ್ತಿರೋದು. ಸಿಬಿಡಿ ಜೊತೆ ವಾಲ್ಪ್ರೊಯೇಟ್ ಇದ್ರೆ ಲಿವರ್ ಎನ್ಜೈಮ್ ಏರೋ ಸಾಧ್ಯತೆ ಹೆಚ್ಚು. ಕ್ಲೋಬಜಾಮ್ ಇದ್ರೆ ಮಗು ವಿಪರೀತ ತೂಕಡಿಸಬಹುದು, ಅದರ ಡೋಸ್ ಇಳಿಸಬೇಕಾಗಬಹುದು. ಎರಡೂ ನಿಮ್ಮ ಮನೇಲೇ ಇವೆ. ಶುರುಮಾಡೋ ಮೊದಲು ಲಿವರ್ ಟೆಸ್ಟ್, ಆಮೇಲೆ 1, 3, 6 ತಿಂಗಳಿಗೆ ಮತ್ತೆ.

ಶಿರಸಿ ವೈದ್ಯ:
ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಅಂತಾರೆ. ಜಾತೀಫಲಾದಿ ಚೂರ್ಣದಲ್ಲಿ ನಾವು ಇವತ್ತಿಗೂ ಬಳಸ್ತೇವೆ, ಆದರೆ ಗ್ರಹಣಿಗೆ, ಅಂದ್ರೆ ಬಿಡದೆ ಕಾಡೋ ಹೊಟ್ಟೆ ಕಾಯಿಲೆಗೆ. ಹಾಲು, ತುಪ್ಪದಲ್ಲಿ ಭಂಗಿ ಅರೆಯೋ ರೂಢಿಗೂ ಕಾರಣ ಇದೆ: ಇದರ ಸತ್ವ ಕರಗೋದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಔಷಧ ಕಾನೂನಿನ ವಿಷದ್ರವ್ಯಗಳ ಪಟ್ಟಿಯಲ್ಲೂ ಭಂಗಿ ಇದೆ ಅನ್ನೋದನ್ನ ಗಿಡದ ಅಭಿಮಾನಿಗಳು ಮರೀಬಾರದು. ಆದರೆ ನರ್ಸಮ್ಮಾ, ಶುದ್ಧ ಮಾಡಿದ ಒಂದೇ ಅಂಶ ಮಾತ್ರ ಔಷಧ, ಉಳಿದದ್ದೆಲ್ಲ ಕಸ ಅನ್ನೋ ಧಾಟಿ ನನಗೆ ಒಪ್ಪಿಗೆಯಿಲ್ಲ.

ಟೊರೊಂಟೊ ನರ್ಸ್:
ಕಸ ಅಂದಿಲ್ಲ ವೈದ್ಯರೇ. ಈ ಮಗುವಿಗೆ ಅಳೆದು ಕೊಡಬಹುದಾದದ್ದು ಯಾವುದು ಅಂತಷ್ಟೇ ಕೇಳ್ತಿದೀನಿ. ಕೊಬ್ಬಿನ ಮಾತು ನಿಜ: ಜಿಡ್ಡಿನ ಊಟದ ಜೊತೆ ಕೊಟ್ರೆ ಸಿಬಿಡಿ ನಾಲ್ಕೈದು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತೆ. ಅದಕ್ಕೇ ದಿನಾ ಒಂದೇ ರೀತಿ ಕೊಡಿ ಅನ್ನೋದು. ಇವತ್ತು ಬರಿಹೊಟ್ಟೆ, ನಾಳೆ ತುಪ್ಪದನ್ನ ಅಂದ್ರೆ ಡೋಸೇ ಬೇರೆಯಾಗುತ್ತೆ.

ಸುರಪುರದವ:
ಮನೀ ಎಣ್ಣಿ ಮಗೂಗ ಬ್ಯಾಡ, ಅಷ್ಟು ತಿಳೀತು. ಅಕ್ಕಾರ, ನನ್ನ ಮೊದಲನೇ ಮಾತು ಹಿಂದಕ್ಕ ತಗೊಂಡೀನಿ. ಆದ್ರ ಒಂದು ಬಿಡಾಂಗಿಲ್ಲ. 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆ ಗಾಂಜಾ ಅಂತ ಹಿಡಿಯೋದು ಹೂ-ಕಾಯಿ ಇರೋ ತುದೀನ. ಬರೀ ಎಲಿ, ಬೀಜ ಅದರಾಗ ಬರೂದಿಲ್ಲ. ಔಷಧಕ್ಕ ಅಂತ ಬೆಳ್ಯಾಕ ಲೈಸೆನ್ಸ್ ಕೊಡೋ ಅಧಿಕಾರನೂ ಅದೇ ಕಾಯ್ದ್ಯಾಗ ಅದ. ಹಂಗಿದ್ದ ಮ್ಯಾಲ ಇಂಥ ತಾಯಂದ್ರಿಗೆ ಅಳತಿ ಇರೋ ಔಷಧ ಇಲ್ಲೇ ಯಾಕ ಆಗಬಾರದು?

ದಾವಣಗೆರೆ ಫಾರ್ಮಸಿಸ್ಟ್:
ಆ ಮಾತಿಗೆ ನಾನೂ ಸಹಿ ಹಾಕ್ತೀನಿ ಅಣ್ಣಾ.

ಹಾಸನದ ಅಮ್ಮ:
ಎಲ್ಲಾ ಓದಿದೆ. ಬಾಟಲಿ ಅಡುಗೆ ಎಣ್ಣೆ ಸಾಲಲ್ಲಿಟ್ಟೆ. ಸೋಮವಾರ ನ್ಯೂರೋ ಡಾಕ್ಟರ ಹತ್ರ ಹೋಗೋದಿದೆ. ಸಿಬಿಡಿ, ಲಿವರ್ ಟೆಸ್ಟ್, ಕ್ಲೋಬಜಾಮ್ ಡೋಸ್, ಈ ಮೂರನ್ನ ಚೀಟಿಯಲ್ಲಿ ಬರ್ಕೊಂಡಿದೀನಿ. ಕ್ಯಾಲೆಂಡರನ್ನೂ ಗೋಡೆಯಿಂದ ಬಿಚ್ಚಿ ಬ್ಯಾಗಿಗೆ ಹಾಕಿದೆ.